ಒಳಗೆ ಯಾರು

ಜಿರಾಫೆ ಇಲ್ಲದ ಜೂ ಎಂತ ಜೂ, ಎಂದಳು ನಾದಿನಿ.
ಮೈಸೂರಿಗೆ ಹೋಗಿ, ಮಕ್ಕಳಿಗೆ ನೆನಪುಳಿಯಬೇಕು.

ನೆನಪು ನನಗೂ ಉಂಟು:
ಸಂಪಾಜೆ ಘಾಟಿಯ ತಿರುವುಗಳು,
ದೊಡ್ಡವನ ಬಾಯಿಗೆ ಹಿಡಿದ ಪ್ಲಾಸ್ಟಿಕ್ ತೊಟ್ಟೆ,
ಚಿಕ್ಕವಳು ಆಗ ಹೊಟ್ಟೆಯೊಳಗೆ,
ತಿರುವಿಗೊಮ್ಮೆ ಅವಳೂ ತಿರುಗುತ್ತಿದ್ದಳು.
ಮುಟ್ಟಿದ್ದು ಮಧ್ಯಾಹ್ನ. ಆನೆ ಬರುವಾಗ ನಿದ್ದೆ ಹೋಗಿದ್ದ ಮಗ
ಎದ್ದದ್ದು ಬಲೂನು ಮಾರುವವನ ಪೀಪಿಗೆ.
ಈಗ ಕೇಳಿದರೆ ಅವನಿಗೆ ಮೈಸೂರು ಎಂದರೆ ಪೀಪಿ.

ಹಾಗಾಗಿ ಪಿಲಿಕುಳ.
ಹೆಸರಿನಲ್ಲೇ ಹುಲಿ ಉಂಟು, ಮತ್ತೆಂತ ಬೇಕು ಎಂದರು ಸುದೇಶ.
ನನ್ನ ವಾರದ ರಜೆ ಸೋಮವಾರ,
ಸೋಮವಾರ ಪ್ರಾಣಿಗಳಿಗೂ ರಜೆಯಂತೆ.
ಲ್ಯಾಬಿನ ಜೆಸಿಂತಳ ಕೈಕಾಲು ಹಿಡಿದು
ಮಂಗಳವಾರಕ್ಕೆ ಬದಲಾಯಿಸಿಕೊಂಡೆ,
ಅವಳ ಎರಡು ನೈಟ್ ಡ್ಯೂಟಿ ನನ್ನ ತಲೆಗೆ.

ಕರೆಂಟು ಬಿಲ್ಲಿನ ಹಿಂಬದಿಯಲ್ಲಿ ಸುದೇಶರ ಲೆಕ್ಕ:
ಸ್ಟೇಟ್‌ಬ್ಯಾಂಕಿನಿಂದ ಬಸ್ಸು, ವಾಮಂಜೂರಿನಿಂದ ರಿಕ್ಷಾ,
ಎರಡು ದೊಡ್ಡ ಟಿಕೆಟು, ಒಂದು ಅರ್ಧ,
ಇನ್ನೊಂದು, ಸೊಂಟದ ಮೇಲೆ ಕೂತರೆ, ಧರ್ಮಕ್ಕೆ.
ಅಡಿಗೆರೆ ಎಳೆದು, ಐಸ್‌ಕ್ರೀಮಿಗೂ ಉಳಿಯುತ್ತದೆ ಎಂದರು
ಮೈಸೂರನ್ನೇ ಗೆದ್ದವರ ಹಾಗೆ.

ಡಬ್ಬಿಯಲ್ಲಿ ಬನ್ಸು, ಬೇಯಿಸಿದ ಮೊಟ್ಟೆ,
ಕಾಗದದ ಪೊಟ್ಟಣದಲ್ಲಿ ಉಪ್ಪು.
ಕುಲಶೇಖರ ದಾಟುವುದರೊಳಗೆ ಮೊಟ್ಟೆ ಮುಗಿಯಿತು.

ಮೊಸಳೆ ಬಾಯಿ ತೆರೆದು ಮಲಗಿತ್ತು,
ಹಲ್ಲಿನ ಡಾಕ್ಟರು ಈಗ ಬಂದೆ ಎಂದು ಹೇಳಿ ಹೋದ ಹಾಗೆ.
ಇದು ಕಲ್ಲು, ಎಂದ ಮನ್ವಿತ. ಅಲ್ಲ, ಎಂದರು ಅಪ್ಪ.
ಕಾಲು ಗಂಟೆ ನಿಂತೆವು. ಕಲ್ಲೇ ಎಂದಾಯಿತು.
ನವಿಲು ಗರಿ ಬಿಚ್ಚಿದಾಗ ಇಬ್ಬರೂ ನೋಡಿದ್ದು
ಸೋರುವ ನಲ್ಲಿಯಡಿ ಮೀಯುತ್ತಿದ್ದ ಕಾಗೆಯನ್ನು.
ಕಾಗೆ ನಮ್ಮ ಮನೆ ಹಿಂದೆಯೂ ಉಂಟಲ್ಲ ಎಂದರೆ
ಅದು ಇಷ್ಟು ಸ್ನಾನ ಮಾಡುವುದಿಲ್ಲ, ಎಂದಳು ತನುಷಿ.
ಸರಿಯೇ.

ಆಮೇಲೆ ಹುಲಿ.

ಕಳೆದ ದಸರೆಗೆ ಅಂಗಳಕ್ಕೆ ಹುಲಿವೇಷ ಬಂದಾಗ
ತಾಸೆಯ ಪೆಟ್ಟಿಗೆ ಇವಳು ನನ್ನ ಸೆರಗೊಳಗೆ ಹೊಕ್ಕು
ಉಸಿರು ಹಿಡಿದಿದ್ದಳು.
ಹೆದರಬೇಡ ಮಗಾ, ಬರೀ ಬಣ್ಣ ಅದು,
ಒಳಗೆ ಐಸ್ ಪ್ಲಾಂಟಿನ ಯಶೋಧರ ಮಾಮ ಇರುವುದು ಎಂದೆ.
ಮಾಮ ಹುಲಿಯ ಮಂಡೆ ತೆಗೆದು, ಬೆವರಿದ ಗಡ್ಡ ತೋರಿಸಿ,
ಅವಳ ಕೈಯಲ್ಲಿ ಒಂದು ಪೆಪ್ಪರಮಿಂಟು ಇಟ್ಟರು.
ಅಂದಿನಿಂದ ಹುಲಿ ಎಂದರೆ ಅದೇ:
ಪೈಂಟಿನ ವಾಸನೆ, ಪೆಪ್ಪರಮಿಂಟು.

ಇಲ್ಲಿ ತಾಸೆ ಇಲ್ಲ.
ಒಣಗಿದ ಬಿದಿರೆಲೆಯ ಮೇಲೆ ಅದು ನಡೆದು ಬಂದದ್ದು
ಕೇಳಿಸಲೇ ಇಲ್ಲ.
ಕಂದಕದಾಚೆ ನಿಂತಿತು. ನಮ್ಮನ್ನಲ್ಲ,
ನಮ್ಮ ಹಿಂದಿನ ಯಾವುದನ್ನೋ ನೋಡಿತು.
ತಿರುಗಿ ನೋಡಿದೆ. ಕಸದ ಬುಟ್ಟಿ ಇತ್ತು.

ಪಟ್ಟೆ ಸರಿ ಬರಲಿಲ್ಲ, ಎಂದ ಮನ್ವಿತ,
ಈಚೆ ಪಕ್ಕ ಒಂದು ಹೆಚ್ಚಾಗಿದೆ.
ತನುಷಿ ಸೊಂಟದಿಂದ ಜಾರಿ ಇಳಿದು
ಬೇಲಿಯ ಕಣ್ಣಿಗೆ ಮೂಗು ಒತ್ತಿ,
ಮೆಲ್ಲಗೆ, ಗುರುತಿನವರ ಮನೆ ಬಾಗಿಲಲ್ಲಿ ಕೇಳುವ ಹಾಗೆ:
ಅಮ್ಮಾ, ಇದರ ಒಳಗೆ ಯಾರು?

ಎಂಟು ವರ್ಷದಿಂದ ರಕ್ತದ ಸೀಸೆಗಳಿಗೆ
ಹೆಸರು ಅಂಟಿಸುತ್ತಿರುವವಳು ನಾನು.
ಸುದೇಶರನ್ನು ನೋಡಿದೆ.
ಅವರು ಬನ್ಸಿನ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದರು.
ಯಾರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ,
ಅದು ಅಷ್ಟು ಹೊತ್ತು ಅಲ್ಲೇ ನಿಂತಿತ್ತು.
ಹುಲಿಯೇ, ಎಂದೆ ಕೊನೆಗೆ. ಒಳಗೂ ಹುಲಿಯೇ.

ಅವಳು ಸ್ವಲ್ಪ ಯೋಚಿಸಿದಳು.
ಅದರ ಒಳಗೆ?

ಹಿಂದಿರುಗುವ ಬಸ್ಸಿನಲ್ಲಿ ಮಡಿಲಿಗೊಂದು ನಿದ್ದೆ,
ಸೆರಗಿಗೆ ಐಸ್‌ಕ್ರೀಮು.
ನಾದಿನಿಯ ಫೋನು: ಎಂತೆಲ್ಲ ನೋಡಿದಿರಿ?
ಕಾಗೆ, ಎಂದೆ. ಮತ್ತೆ ಒಂದು ಕಲ್ಲು.
ಹುಲಿಯ ವಿಷಯ ಹೇಳಲಿಲ್ಲ.