ಕೂಗಳತೆ

ಮೂರು ದಿನ ಕಲಿಸಿದ್ದಾಯಿತು; ಇವತ್ತು ಕಲಿಸುವುದಿಲ್ಲ.
ಇವತ್ತು ನನ್ನ ಕೆಲಸ ಕಾಣದಿರುವುದು.
ಗ್ಯಾಲೊವೇ ಗುಡ್ಡದ ಬೆನ್ನಿನ ಮೇಲೆ, ಬೂದುಬಂಡೆಯೊಂದರ ಮರೆಗೆ,
ಮೊಣಕಾಲಿಗೆ ಪಟ್ಟಿ ಬಿಗಿದು, ದುರ್ಬೀನು ಹಿಡಿದು
ಕಳ್ಳಿಯ ಹಾಗೆ ಕೂತಿದ್ದೇನೆ, ಐವತ್ತಮೂರು ವರ್ಷದ ಹೆಂಗಸು.

ಕೆಳಗೆ, ನೇರಳೆ ಹೆದರ್ ಪೊದೆಗಳ ನಡುವೆ, ನಾಲ್ಕು ಚುಕ್ಕೆ.
ಕೆಂಪು, ಸ್ಟ್ರೂವನ್: ಎಲ್ಲರಿಗಿಂತ ಮುಂದೆ, ಎಲ್ಲ ಗೊತ್ತಿರುವವನು.
ಹಳದಿ, ಮಾರ್ಸಲಿ: ನಿನ್ನೆ ರಾತ್ರಿ ಡೇರೆಯೊಳಗೆ ಅತ್ತವಳು,
ಬೆಳಗ್ಗೆ ಗಂಜಿ ಕಾಯಿಸಿ ಎಲ್ಲರನ್ನೂ ಎಬ್ಬಿಸಿದವಳೂ ಅವಳೇ.
ನೀಲಿ, ಲಾಕ್ಲನ್: ಬೇಡವೆಂದರೂ ಬೆನ್ನಚೀಲದಲ್ಲಿ
ಅಜ್ಜಿಯ ಜಾಮು ಹೊತ್ತವನು, ಗಾಜಿನ ಸೀಸೆ ಸಮೇತ.
ಕೊನೆಗೆ ಹಸಿರು, ಇಫ್ಫತ್.
ಗ್ಲಾಸ್ಗೋದ ಹದಿನೇಳನೆಯ ಮಹಡಿಯಿಂದ ಬಂದವಳು.
ಮೂರು ದಿನದಲ್ಲಿ ನಾನು ಕೇಳಿದ್ದು ಹದಿನೈದು ಪದ,
ಅದರಲ್ಲಿ ಆರು:
'ಇಷ್ಟೊಂದು ಖಾಲಿ ಜಾಗಕ್ಕೆ ಬಾಡಿಗೆ ಯಾರು ಕಟ್ಟುತ್ತಾರೆ?'

ಕುರಿದೊಡ್ಡಿಯ ಮುರುಕು ಗೋಡೆ. ಅಲ್ಲಿ ಎಡಕ್ಕೆ ಹೊರಳಬೇಕು.
ಕೆಂಪು ಚುಕ್ಕೆ ನೇರ ಹೋಯಿತು.
ಹಳದಿ ಹೋಯಿತು. ನೀಲಿ ಹೋಯಿತು.
ಹಸಿರು ಗೋಡೆಯ ಬಳಿ ತುಸು ನಿಂತು, ನಕಾಶೆ ನೋಡಿ,
ತಲೆಯೆತ್ತಿ ಅವರ ಬೆನ್ನುಗಳನ್ನು ನೋಡಿ,
ಅದೂ ಹೋಯಿತು.

ಎದ್ದು ಒಂದು ಸೀಟಿ ಊದಿದರೆ ಮುಗಿಯಿತು.
ಕೂಗಳತೆಯ ದೂರ; ಗಾಳಿಯೂ ಅತ್ತಲೇ ಬೀಸುತ್ತಿದೆ.
ಆದರೆ ಕೈಪಿಡಿಯ ಮೊದಲ ಪುಟದಲ್ಲಿ ನಾನೇ ಬರೆದದ್ದು:
ತಪ್ಪು ಬೇರೆ, ಅಪಾಯ ಬೇರೆ.
ಮುಂದಿರುವುದು ಜೌಗು, ಮೊಣಕಾಲುದ್ದ. ಪ್ರಪಾತವಲ್ಲ.
ಆಗಸ್ಟಿನಲ್ಲಿ ಒದ್ದೆ ಕಾಲುಚೀಲಕ್ಕೆ ಯಾರೂ ಸತ್ತಿಲ್ಲ.
ಬರೆಯುವುದು ಸುಲಭ.
ನಾಲಿಗೆಯನ್ನು ಹಲ್ಲಿನ ಹಿಂದೆ
ನಲವತ್ತು ನಿಮಿಷ ಕೂಡಿಹಾಕುವುದಕ್ಕೆ
ಯಾರೂ ತರಬೇತಿ ಕೊಡಲಿಲ್ಲ.

ನೊರಜು ಮುತ್ತಿದವು. ಚಹಾ ಆರಿತು.
ಮೊದಲ ವರ್ಷ, ಪ್ರತಿ ತಿರುವಿನಲ್ಲೂ
ಪೊದೆಯಿಂದೆದ್ದು ಬಂದು ದಾರಿ ತೋರಿಸಿದ್ದೆ.
ಗುರಿ ಮುಟ್ಟಿದ ಮಕ್ಕಳು ನನಗೆ ಥ್ಯಾಂಕ್ಸ್ ಹೇಳಿದರು.
ಅಷ್ಟು ಚೆನ್ನಾಗಿ ಕೆಡಿಸಿದ್ದೆ ಅಂತ ತಿಳಿಯಲು
ಹತ್ತು ವರ್ಷ ಹಿಡಿಯಿತು.

ಮೊಣಕಾಲುದ್ದ ಅಂದೆನಲ್ಲ.
ಸ್ಟ್ರೂವನ್ ತೊಡೆಯ ತನಕ ಇಳಿದಿದ್ದಾನೆ.
ಸೀಟಿ ನನ್ನ ತುಟಿಯಲ್ಲಿದೆ, ಅರ್ಧ ಎದ್ದಿದ್ದೇನೆ.
ನೀಲಿ ಕೋಲು ಚಾಚಿತು, ಹಳದಿ ನೀಲಿಯ ಸೊಂಟ ಹಿಡಿಯಿತು,
ಎಳೆದರು; ಕಾಲು ಬಂತು, ಬೂಟು ಬರಲಿಲ್ಲ.
ಗಾಳಿ ತಿರುಗಿ ನಗೆ ಬಂಡೆಯವರೆಗೂ ಹತ್ತಿ ಬಂತು.
ನಗೆಯ ಹಿಂದೆಯೇ ಜಗಳ.
ಮೂರು ಕೈ, ಮೂರು ದಿಕ್ಕು.

ಹಸಿರು ಮಾತ್ರ ಕುಕ್ಕುರುಗಾಲಲ್ಲಿ ಕೂತು
ನಕಾಶೆಯನ್ನು ಹುಲ್ಲಿನ ಮೇಲೆ ಹಾಸಿ
ಮೆಲ್ಲಗೆ ತಿರುಗಿಸಿತು, ಮಲಗಿದ ಮಗುವಿನ ಮಗ್ಗುಲು ಬದಲಿಸುವ ಹಾಗೆ,
ಕಾಗದದ ಉತ್ತರ ನೆಲದ ಉತ್ತರಕ್ಕೆ ಕೂಡುವ ತನಕ.
ಆಮೇಲೆ ತಲೆಯೆತ್ತಿತು.
ಗೋಡೆಯನ್ನು, ಕಣಿವೆಯನ್ನು,
ನನ್ನ ಬಂಡೆಯನ್ನು ನೋಡಿತು. ಬಂಡೆಯನ್ನು ತುಸು ಹೆಚ್ಚು ಹೊತ್ತು.
ಬಂದ ದಾರಿಗೆ ಬೆರಳು ತೋರಿಸಿ ನಡೆಯತೊಡಗಿತು.
ಉಳಿದವರು ಹಿಂದೆ, ಒಬ್ಬ ಕುಂಟುತ್ತ.

ಸಂಜೆ, ಆಗಷ್ಟೇ ವ್ಯಾನಿನಿಂದ ಇಳಿದವಳಂತೆ
ಶಿಬಿರಕ್ಕೆ ಹೋಗಿ ಕೇಳಿದೆ: 'ದಾರಿ ಹೇಗಿತ್ತು?'
'ಸಲೀಸು' ಎಂದ ಸ್ಟ್ರೂವನ್,
ಒಂದು ಪಾದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು.
ಯಾರೂ ಅಲ್ಲಗಳೆಯಲಿಲ್ಲ. ಸ್ಟವ್ ಗುಂಯ್‌ಗುಟ್ಟಿತು.
ಜಾಮು ಬಳಿದ ರೊಟ್ಟಿಯ ಚೂರು ನನ್ನ ಕೈಗಿಟ್ಟು
ಇಫ್ಫತ್ ಕೇಳಿದಳು:
'ನೊರಜು ವ್ಯಾನಿನ ಒಳಗೂ ಹೀಗೆ ಕಚ್ಚುತ್ತವಾ?'

ಹದಿನೈದರ ಮೇಲೆ ಐದು.
ನಾನು ಕೆನ್ನೆ ಕೆರೆದುಕೊಂಡೆ.