ಸಿಂಪಡಣೆಯ ಲೆಕ್ಕ

ಶಾರಾಂತ್ ನದಿಯ ಆಚೆ ದಡದ ಅಡುಗೆಮನೆಯಲ್ಲಿ
ಉಗೆತ್ ಅಜ್ಜಿ ಬಿಸ್ಕತ್ತಿನ ಡಬ್ಬಿ ತೆರೆದು
ಹನ್ನೊಂದು ನೋಟ್‌ಬುಕ್ಕು ಮೇಜಿನ ಮೇಲಿಟ್ಟಳು.
"ನಿನಗೆ ಬೇಕಾದ್ದು ಇದೇ ತಾನೆ?"

ಇದೇ.
ಯಾವ ದಿನ, ಯಾವ ಸಾಲು, ಎಷ್ಟು ಲೀಟರು,
ಗಾಳಿ ಯಾವ ಕಡೆಯಿಂದ.
ಡಾಕ್ಟರೇಟಿನ ಮೂರನೇ ವರ್ಷ ನಾನು
ದ್ರಾಕ್ಷಿತೋಟದ ಮನೆಮನೆಗೆ ಹೋಗಿ ಸತ್ತವರ ಲೆಕ್ಕ ಕೇಳುತ್ತೇನೆ.
ಕಾಫಿ ಬೇಡ ಅನ್ನುವುದನ್ನು ಇನ್ನೂ ಕಲಿತಿಲ್ಲ.

ಎಪ್ಪತ್ತೊಂದರಲ್ಲಿ ಆನ್ಸೆಲ್ಮ್‌ನ ಅಕ್ಷರ ಕಡಲೆಕಾಳಿನಷ್ಟು,
ಸೊನ್ನೆಗಳಂತೂ ಉಂಡು ತೇಗಿದ ಹಾಗೆ.
ಎಂಬತ್ತಮೂರಕ್ಕೆ ಹೆಸರುಕಾಳು.
ಎಂಬತ್ತೊಂಬತ್ತಕ್ಕೆ ಸಾಸಿವೆ.
ಕೊನೆಯ ಪುಸ್ತಕ ಗಸಗಸೆ;
ಭೂತಗನ್ನಡಿ ಹಿಡಿದೇ ಓದಬೇಕು.
ಡಾಕ್ಟರು ರೋಗಕ್ಕೆ ಹೆಸರಿಟ್ಟದ್ದು ತೊಂಬತ್ತಾರರಲ್ಲಿ.
ಅಷ್ಟು ವರ್ಷ ಮೊದಲೇ ಅವನ ಕೈ ಬರೆಯುತ್ತಿತ್ತು,
ವಿಷದ ಲೆಕ್ಕದ ಮೇಲೇ,
ಯಾರೂ ಓದದ ಇನ್ನೊಂದು ಲೆಕ್ಕ.

"ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ ಅವನಿಗೆ," ಅಂದಳು.
"ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ.
ಸೋಮಾರಿ ಅಂತ ಬೈದೆ."

ನನ್ನ ಕೋಷ್ಟಕದಲ್ಲಿ ಲೀಟರಿಗೆ ಕಾಲಂ ಇದೆ,
ಅಕ್ಷರದ ಗಾತ್ರಕ್ಕಿಲ್ಲ.
ಬೋರ್ದೋದಲ್ಲಿ ನನ್ನ ಗೈಡು ಕನ್ನಡಕ ಒರೆಸುತ್ತ ಹೇಳುತ್ತಾರೆ:
ಸೊಲೆನ್, ಹೊಗೆ ಕಂಡದ್ದು ನಿಜ,
ಬೆಂಕಿ ಯಾವ ಮನೆಯದು ಅಂತ ಬರೆ.
ಬರೆಯಲಾರೆ. ಯಾಕೆಂದರೆ ಫಿರ್ಮಿನ್ ಇದ್ದಾನೆ,
ಆನ್ಸೆಲ್ಮ್‌ನ ತಮ್ಮ. ಅದೇ ಡ್ರಮ್ಮು, ಅದೇ ಗಾಳಿ,
ಅದೇ ಬರಿಗೈಯಲ್ಲಿ ಕಲಕಿದವನು;
ಎಂಬತ್ತೆಂಟರಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿ
ನನ್ನ ಕೋಟಿನ ಗುಂಡಿ ಹೊಲಿದುಕೊಟ್ಟ.
ನನಗೆ ಸಿಟ್ಟು ಬಂತು.
ಆರೋಗ್ಯವಾಗಿರುವ ಮುದುಕನ ಮೇಲೆ ಸಿಟ್ಟು!
ಇಂಥದ್ದನ್ನು ಪ್ರಬಂಧದಲ್ಲಿ ಎಲ್ಲಿ ಸೇರಿಸುವುದು?

ರಾತ್ರಿ ಲ್ಯಾಬಿನಲ್ಲಿ ಮೆದುಳಿನ ತೆಳು ಬಿಲ್ಲೆ ನೋಡುತ್ತೇನೆ.
ಕಾಡಿಗೆ ತೀಡಿದಂಥ ಗೆರೆ ಇರಬೇಕಾದಲ್ಲಿ
ಅತ್ತು ಒರೆಸಿಕೊಂಡ ಗುರುತು.
ಹೋದದ್ದು ಕಾಣುತ್ತದೆ.
ಒಯ್ದವರು ಯಾರು ಅಂತ ಗಾಜು ಹೇಳುವುದಿಲ್ಲ.

ಹೊರಡುವ ಮುಂಚೆ ಅಜ್ಜಿ ಕೇಳಿದಳು:
"ಅವನ ಅಂಗಿ ಒಗೆದದ್ದು ನಾನು. ಮೂವತ್ತು ವರ್ಷ, ಕೈಯಲ್ಲೇ.
ನನ್ನದು ಯಾವ ಕಾಲಂ?"

ಒಪ್ಪಿಗೆ ಪತ್ರ ಮುಂದಿಟ್ಟೆ, ಪೆನ್ನು ಕೊಟ್ಟೆ.
ಸಹಿ ಹಾಕಲು ಬಾಗಿದಳು.
ಮೊದಲಕ್ಷರ ದೊಡ್ಡದಾಗಿಯೇ ಇತ್ತು.
ಮಿಕ್ಕವನ್ನು ನೋಡುವ ಮೊದಲು
ತಣ್ಣಗಾದ ಕಾಫಿಯನ್ನು ಪೂರ್ತಿ ಕುಡಿದೆ.