ಒಗೆದ ನೀರು

ಹುಡುಗ್ರ ಮಾರಿ ನಾ ಆಮ್ಯಾಲ ನೋಡಾಕಿ,
ಮೊದಲ ನೋಡೂದು ಬಕೀಟಿನ ನೀರು.
ಇಪ್ಪತ್ಮೂರು ವರ್ಷಾತು
ಈ ಕಾಲೇಜಿನ ಫುಟ್‌ಬಾಲ್ ಜರ್ಸಿ ಒಗಿಯಾಕತ್ತು.

ಹೊಸತಾಗಿ ಬಂದಾಗ ನೀರು ಕಪ್ಪಿತ್ತು.
ಎಲ್ಲಾ ಕ್ಯಾಂಪಿನ ಓಣಿ ಹುಡುಗ್ರು:
ಬೇಕರಿಯವ್ರ ಮಗ ಅಲಾಯ್ಸಿಯಸ್,
ಟಾಂಗಾ ಹೊಡಿಯಾವನ ಮೊಮ್ಮಗ ನೂರಅಹ್ಮದ,
ಮಿಲಿಟರಿ ಹವಾಲ್ದಾರನ ಅವಳಿ ಜವಳಿ.
ಡಾಂಬರಿನ ಮ್ಯಾಲ ಬಿದ್ದು ಬೆಳದ ಮೊಣಕಾಲು.
ಒಬ್ಬ ಆಂಟಿ ಅಂತಿದ್ದ, ಒಬ್ಬ ಖಾಲಾ,
ಅವಳಿಗಳು ಏನೂ ಅನ್ನದ ಸೆಲ್ಯೂಟ್ ಹೊಡೀತಿದ್ವು.
ಪ್ರಿನ್ಸಿಪಾಲರ ಖೋಲ್ಯಾಗ ಆರು ಕಪ್ಪು.
ಏಳನೇದು, ಆ ದೊಡ್ಡ ರೋಲಿಂಗ್ ಕಪ್ಪು ಬಂದಾಗ
ಜಾಗಾ ಸಾಲದ ಗಡಿಯಾರ ಇಳಿಸಿದ್ರು.

ಆಮ್ಯಾಲ ಓಣಿ ಹುಡುಗ್ರ ಮೈದಾನಕ್ಕ ತಂತಿ ಬಿತ್ತು.
ಬೇಕರಿ ಮಾರಿ ಅಲಾಯ್ಸಿಯಸನ ತಮ್ಮಂದ್ರು ಮಡಗಾಂವಕ್ಕ ಹೋದ್ರು.
ಉಳದವ್ರನ್ನ ಹೆದ್ದಾರಿ ಬಾಜೂಕಿನ ಹೊಸ ಕಾಲೇಜು
ಫೀ ಮಾಫ್, ಬೂಟ್ ಫುಕಟ್, ದಿನಾ ಎರಡು ತತ್ತಿ
ಅಂತ ಹೇಳಿ ಕರಕೊಂಡು ಹೋತು.
ತತ್ತಿಗೆ ಮಾರಿಕೊಂಡ್ರು ಅಂತ ಬೈದವ್ರಿಗೆ ನಾ ಅಂದೆ,
ಹಸದ ಹೊಟ್ಟಿ ಯಾವ ಕಾಲೇಜಿನ ಬಾವುಟಾ ಹಿಡೀತೈತ್ರಿ?
ಕಪ್ಪು ನೀರು ನಿಂತ ವರ್ಷ ಕಪ್ಪೂ ನಿಂತಿತು.
ರೋಲಿಂಗ್ ಉರುಳಿ ಹೋತು,
ಗಡಿಯಾರ ತಿರುಗಿ ಗೋಡಿಗೆ ಬಂತು.

ಒಂಬತ್ತು ವರ್ಷ ಬಕೀಟಿನಾಗ ಬಣ್ಣನ ಇಲ್ಲ.
ಬಂದ ಹುಡುಗ್ರು ಬೀಳವ್ರಲ್ಲ, ಬಿದ್ರ ಏಳವ್ರಲ್ಲ,
ಜರ್ಸಿಗೆ ಬೆವರಿಗಿಂತ ಅತ್ತರ ಜಾಸ್ತಿ.
ಒಗದ ನೀರಾಗ ನನ್ನ ಮಾರಿ ನನಗ ಕಾಣತಿತ್ತು.
ಪುದೀನಾ ಗಿಡಕ್ಕ ಹಾಕತಿದ್ದೆ.

ಹಾದಿಮನಿ ಸರ್ ಕೆಟ್ಟ ಹಟಮಾರಿ.
ಐತವಾರ ಬಂದ್ರ ಫಟಫಟಿ ಹತ್ತಿ ಖಾನಾಪುರದಾಚೆ,
ಹಾದಿ ಮುಗದು ಜಿಗಣಿ ಸುರು ಆಗೂತನಕ.
ಅಲ್ಲೆ ಭತ್ತ ಕೊಯ್ದ ಗದ್ಯಾಗ
ಬರಿಗಾಲಿಲೆ ಆಡೋ ಹುಡುಗ್ರನ್ನ ಕಂಡು ಬಂದ್ರು.
“ಕೂಳಿ ಚುಚ್ಚತೈತಂತ ಕಾಲು ನೆಲಕ್ಕ ಊರೂದ ಇಲ್ಲವ್ವಾ,
ಅವ್ರು ಓಡೂದಿಲ್ಲ, ತೇಲತಾರ.”

ಜೂನಿನಾಗ ಐದ ಮಂದಿ ಬಂದ್ರು.
ಒಬ್ಬಾಂವ ಸಿದ್ದಿ ಹುಡುಗ, ಜುಜೆ.
ಇಬ್ರು ಗಾವಡೆ ಅಣ್ತಮ್ಮರು, ನನ್ನ ಮಾವ್ಶಿ ಅಂತ ಕರದು
ಹೊಸಾ ಬೂಟು ಕೈಯಾಗ ಹಿಡಕೊಂಡು ಕೇಳಿದ್ರು:
ಇದರಾಗ ಕಾಲು ಹೆಂಗ ಉಸುರಾಡತಾವ?
ರಜಾಕ್ಕ ಊರಿಗೆ ಹೋಗಿ ಅದ ಜರ್ಸಿಲೆ ಆಡಿ ಬಂದ ದಿನ
ಬಕೀಟು ಕೆಂಪಗ, ಎಲಿ ಅಡಿಕಿ ಉಗುಳಿದಂಗ.
ಮೂರು ಸಲ ನೀರು ಬದಲಿಸಿದೆ. ಬಿಡಲಿಲ್ಲ.
ಬೈಕೋತ, ಬೈಕೋತ ನಗಾಕತ್ತಿದ್ದೆ.

ಆ ವರ್ಷ ಕಪ್ಪು ಬರಲಿಲ್ಲ.
ಧಾರವಾಡದಾಗ ಸೆಮಿಫೈನಲ್, ಪೆನಾಲ್ಟಿ ಜುಜೆ ಹೊರಗ ಹೊಡದ.
ಬೂಟು ಬಿಚ್ಚಿ ಇನ್ನೊಮ್ಮೆ ಹೊಡೀಲೇನಂತ
ರೆಫ್ರಿನ್ನ ಕೇಳಿದ್ನಂತ ಹುಚ್ಚ.
ಮರುವರ್ಷ ಬಂತು.
ಗಡಿಯಾರ ಇಳಿಸಾಕ ಏಣಿ ನಾನ ಹಿಡದಿದ್ದೆ.

ಅದರ ಮರುದಿನ ಮುಂಜಾನೆ
ಹೆದ್ದಾರಿ ಕಾಲೇಜಿನ ಕೋಚು ಒಗಿಯೂ ಕಲ್ಲಿನ ಹಂತೇಕ ಬಂದ್ರು.
ಕರಿ ಚಸ್ಮಾ, ಕೊರಳಾಗ ಸೀಟಿ.
ನಳದ ನೀರು ಕುಡ್ಯಾಕ ಬಂದವ್ರಂಗ ಬಗ್ಗಿ
ಗಟಾರದಾಗಿನ ಕೆಂಪು ನೋಡಿದ್ರು.
“ಎಲ್ಲಿ ಮಣ್ಣು ಬಾಯಿ ಇದು?”
ಜರ್ಸಿ ಕಲ್ಲಿಗೆ ಬಡದು ನಾ ಅಂದೆ,
“ಮಣ್ಣಲ್ರೀ ಸಾಹೇಬ್ರ. ಸಸ್ತಾ ಅರಬಿ, ಬಣ್ಣ ಬಿಡತೈತಿ.”
ಅವ್ರು ನನ್ನ ಕೈಯಾಗಿನ ಜರ್ಸಿ ನೋಡಿದ್ರು.
ಹಸರ ಇತ್ತು.

ಏನೂ ಅನ್ನಲಿಲ್ಲ, ನಕ್ಕು ಹೋದ್ರು.
ಆ ಐತವಾರ ಖಾನಾಪುರ ಹಾದ್ಯಾಗ
ಎರಡು ಫಟಫಟಿ ಹೋದ್ವಂತ, ಒಂದರ ಹಿಂದ ಒಂದು.

ಹಾದಿಮನಿ ಸರ್ ಈಗ ಬೈಲಹೊಂಗಲ ಕಡೆ ಹೊಂಟಾರ,
ಎರಿ ಹೊಲದಾಗ ಹುಡುಗ್ಯಾರು ಆಡತಾರ ಅಂತ ಯಾರೋ ಹೇಳ್ಯಾರ.
ಆಫೀಸಿನ್ಯಾಗ ನಾನೂ ಅರ್ಜಿ ಕೊಟ್ಟೀನಿ:
ಇನ್ನೊಂದು ಬಕೀಟು ಬೇಕು,
ಬಿಳೀದ ಕೊಡ್ರಿ.